ಶಿಕ್ಷೆ ಮುಗಿಸಿ ಬಂದ ಅಣ್ಣನಿಗೆ ಓಟು, ಆಸ್ತಿ, ಪಾಸ್‌ಪೋರ್ಟ್ ಹಕ್ಕು ಇದೆಯೇ?

ಪ್ರಶ್ನೆ: ಹೊಲದ ಬದುವಿನ ಜಗಳದಲ್ಲಿ ನನ್ನ ಅಣ್ಣ ಪಕ್ಕದ ಹೊಲದವರ ಮೇಲೆ ಕುಡುಗೋಲು ಬೀಸಿದ. ಅವರ ಕೈಗೆ ದೊಡ್ಡ ಗಾಯವಾಯಿತು. ಐಪಿಸಿ 326ರ ಕೇಸಿನಲ್ಲಿ 2018ರ ನವೆಂಬರಿನಲ್ಲಿ ನಾಲ್ಕು ವರ್ಷ ಶಿಕ್ಷೆಯಾಯಿತು. ಅಪೀಲೂ ವಜಾ ಆಯಿತು. ಸನ್ನಡತೆಗೆ ಸಿಕ್ಕ ಮಾಫಿ ಕಳೆದು 2022ರ ಜನವರಿಯಲ್ಲಿ ಹೊರಗೆ ಬಂದ. ಈಗ ಓಟರ್ ಲಿಸ್ಟಿನಲ್ಲಿ ಅವನ ಹೆಸರಿಲ್ಲ. ಸೇರಿಸಲು ಹೋದರೆ 'ಶಿಕ್ಷೆಯಾದವರಿಗೆ ಓಟಿಲ್ಲ' ಎಂದು ವಾಪಸ್ ಕಳಿಸಿದರು. ಅಪ್ಪ ತೀರಿಕೊಂಡಿದ್ದಾರೆ, ಜಮೀನನ್ನು ನಮ್ಮ ಹೆಸರಿಗೆ ಮಾಡಿಸುವ ಪವತಿ ಖಾತೆಗೆ ಓಡಾಡುವಾಗ ಚಿಕ್ಕಪ್ಪನ ಮಕ್ಕಳು 'ಜೈಲಿಗೆ ಹೋದವನಿಗೆ ಪಾಲಿಲ್ಲ' ಎನ್ನುತ್ತಿದ್ದಾರೆ. ಅಣ್ಣನಿಗೆ ಡ್ರೈವರ್ ಕೆಲಸಕ್ಕೆ ದುಬೈಗೆ ಹೋಗುವ ಆಸೆ, ಪಾಸ್‌ಪೋರ್ಟ್ ಸಿಗುತ್ತದೋ ಇಲ್ಲವೋ ತಿಳಿಯದು. ಇದೆಲ್ಲ ಹೋಗಲಿ, ಇಂಥವರಿಗೆ ಹಕ್ಕು ಮತ್ತೆ ಸಿಗಬೇಕಾದದ್ದು ನ್ಯಾಯವೇ? ನಮ್ಮ ಮನೆಯಲ್ಲೇ ಎರಡು ಮಾತಿದೆ.
— ಮಧ್ಯ ಕರ್ನಾಟಕದ ಹಳ್ಳಿಯೊಂದರಿಂದ ಒಬ್ಬ ಮಹಿಳಾ ಓದುಗರು

ಉತ್ತರ: ನಿಮ್ಮ ಅಣ್ಣನಿಗೆ ಓಟಿನ ಹಕ್ಕಿದೆ. 2022ರ ಜನವರಿಯಲ್ಲಿ ಜೈಲಿನಿಂದ ಹೊರಬಿದ್ದ ದಿನದಿಂದಲೇ ಇದೆ. ಅದನ್ನು ಯಾರೂ ಹೊಸದಾಗಿ ಮಂಜೂರು ಮಾಡಬೇಕಾಗಿಲ್ಲ.

ನಮ್ಮ 1951ರ ಜನಪ್ರತಿನಿಧಿ ಕಾಯ್ದೆಯ 62(5)ನೇ ಕಲಂ ಹೇಳುವುದು ಇಷ್ಟೇ: ಜೈಲಿನಲ್ಲಿರುವವರು ಮತ್ತು ಪೊಲೀಸರ ವಶದಲ್ಲಿರುವವರು ಮತ ಹಾಕುವಂತಿಲ್ಲ. ಕಲಂ ನೋಡುವುದು ಆ ಹೊತ್ತಿಗೆ ಮನುಷ್ಯ ಎಲ್ಲಿದ್ದಾನೆ ಎಂಬುದನ್ನು. ಹಿಂದೆ ಏನು ಮಾಡಿದ್ದ ಎಂಬುದನ್ನು ಅದು ಕೇಳುವುದಿಲ್ಲ. ಕೊಲೆ ಕೇಸಿನಲ್ಲಿ ಶಿಕ್ಷೆಯಾಗಿ ಅಪೀಲಿನಲ್ಲಿ ಜಾಮೀನು ಪಡೆದು ಮನೆಯಲ್ಲಿರುವವನು ಮತಗಟ್ಟೆಗೆ ಹೋಗಿ ಓಟು ಹಾಕಬಹುದು. ಜಾಮೀನುದಾರ ಸಿಗದೆ ಸಣ್ಣ ಕಳ್ಳತನದ ಕೇಸಿನಲ್ಲಿ ಒಳಗೇ ಉಳಿದವನು, ಅವನ ಮೇಲಿನ ಆರೋಪ ಸಾಬೀತಾಗದಿದ್ದರೂ, ಹಾಕುವಂತಿಲ್ಲ. ಈ ಅನ್ಯಾಯದ ಮಾತಿಗೆ ಆಮೇಲೆ ಬರುತ್ತೇನೆ.

ಮತದಾರರ ಪಟ್ಟಿಯಿಂದ ಹೆಸರು ಹೊರಗಿಡಲು 1950ರ ಜನಪ್ರತಿನಿಧಿ ಕಾಯ್ದೆಯ 16ನೇ ಕಲಂನಲ್ಲಿ ಮೂರೇ ಕಾರಣಗಳಿವೆ: ಭಾರತದ ಪ್ರಜೆ ಅಲ್ಲದಿರುವುದು, ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಕೋರ್ಟ್ ಘೋಷಿಸಿರುವುದು, ಚುನಾವಣೆಗೇ ಸಂಬಂಧಿಸಿದ ಭ್ರಷ್ಟ ಆಚರಣೆ ಅಥವಾ ಅಪರಾಧದಿಂದ ಅನರ್ಹನಾಗಿರುವುದು. ಬದುವಿನ ಜಗಳ ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ವಯಸ್ಕ ಮತದಾನದ ಹಕ್ಕು ಕೊಡುವ ಸಂವಿಧಾನದ ವಿಧಿಯ ಸಂಖ್ಯೆಯೂ 326. ಅಪರಾಧದ ಕಾರಣಕ್ಕೆ ಮತದ ಹಕ್ಕು ಕಸಿಯುವ ಕಾನೂನು ಮಾಡಲು ಆ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಸಂಸತ್ತು ಆ ಅಧಿಕಾರವನ್ನು ಪೂರ್ತಿ ಬಳಸಲಿಲ್ಲ. ಬಳಸದಿದ್ದದ್ದು ಒಳ್ಳೆಯದೇ ಆಯಿತು.

ಹಾಗಾದರೆ ಹೆಸರು ಹೇಗೆ ಹೋಯಿತು? ಜೈಲಿನಲ್ಲಿದ್ದಾನೆ ಎಂಬ ಕಾರಣಕ್ಕೆ ಪಟ್ಟಿಯಲ್ಲಿದ್ದ ಹೆಸರು ತೆಗೆಯುವಂತಿಲ್ಲ, 2013ರ ತಿದ್ದುಪಡಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ಜೈಲು ಯಾರಿಗೂ ವಾಸಸ್ಥಳ ಆಗುವುದಿಲ್ಲ ಎಂದೂ ಕಾನೂನಿನಲ್ಲಿದೆ. ಅಣ್ಣ ಒಳಗಿದ್ದಾಗಲೂ ಅವನ ವಿಳಾಸ ನಿಮ್ಮ ಮನೆಯೇ. ಆದರೆ ಮನೆ ಮನೆ ಪರಿಶೀಲನೆಗೆ ಬಂದವರಿಗೆ 'ಅವನು ಇಲ್ಲಿಲ್ಲ' ಎಂದು ಮನೆಯವರೋ ಪಕ್ಕದವರೋ ಹೇಳಿರುತ್ತಾರೆ, 'ಸ್ಥಳಾಂತರ' ಎಂದು ಬರೆದುಕೊಂಡು ಹೋಗಿರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಆಗುವುದು ಇದೇ.

ಈಗ ಮಾಡಬೇಕಾದ್ದು: ನಮೂನೆ 6 ತುಂಬಿ ಕೊಡಿ, ಆನ್‌ಲೈನಿನಲ್ಲೂ ಕೊಡಬಹುದು. ವಯಸ್ಸು, ಪೌರತ್ವ, ವಾಸಸ್ಥಳ, ಇಷ್ಟಕ್ಕೆ ದಾಖಲೆ ಇದ್ದರೆ ಸಾಕು. ಬಾಯಿಮಾತಿನಲ್ಲಿ 'ಆಗಲ್ಲ' ಎಂದರೆ ಒಪ್ಪಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಿರಸ್ಕರಿಸುವುದಾದರೆ ಕಾರಣ ಬರೆದುಕೊಡಲಿ. ಆ ಬರಹ ಸಿಕ್ಕ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಅಷ್ಟು ದೂರ ಹೋಗುವ ಪ್ರಮೇಯ ಬರಲಾರದು. ಕಾರಣ ಬರೆಯಲು ಕೂತಾಗ ಬರೆಯುವುದಕ್ಕೆ ಕಲಂ ಸಿಗುವುದಿಲ್ಲ.

ಆಸ್ತಿಯ ವಿಷಯದಲ್ಲಿ ನಿಮ್ಮ ಚಿಕ್ಕಪ್ಪನ ಮಕ್ಕಳ ಮಾತಿಗೆ ಕಾನೂನಿನ ಆಧಾರವೇ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಒಂದು ಸಂದರ್ಭದಲ್ಲಿ ಮಾತ್ರ ಅಪರಾಧಿಯನ್ನು ಪಾಲಿನಿಂದ ಹೊರಗಿಡುತ್ತದೆ: ಯಾರ ಆಸ್ತಿ ಬರಬೇಕೋ ಅವರನ್ನೇ ಕೊಂದಿದ್ದರೆ, ಅಥವಾ ಆಸ್ತಿ ತನಗೆ ಬರಲೆಂದು ನಡುವಿನ ವಾರಸುದಾರನನ್ನು ಕೊಂದಿದ್ದರೆ. ಉಳಿದ ಯಾವ ಶಿಕ್ಷೆಯೂ ಅಪ್ಪನ ಆಸ್ತಿಯ ಪಾಲನ್ನು ಮುಟ್ಟುವುದಿಲ್ಲ. ನೀವು ಗಮನ ಇಡಬೇಕಾದದ್ದು ವಂಶವೃಕ್ಷದ ಮೇಲೆ. ಪವತಿ ಖಾತೆಗೆ ಕೊಡುವ ವಂಶವೃಕ್ಷದಲ್ಲಿ ಅಣ್ಣನ ಹೆಸರು ಬಿಟ್ಟಿದ್ದರೆ ನಾಡಕಚೇರಿಯಲ್ಲಿ ಕೂಡಲೇ ಲಿಖಿತ ತಕರಾರು ಕೊಡಿ. ನಿಮ್ಮ ಹೆಸರೂ ಇದೆಯೇ ನೋಡಿಕೊಳ್ಳಿ; ಹೆಣ್ಣುಮಕ್ಕಳ ಹೆಸರು ಬಿಡುವುದು ಇನ್ನೂ ನಿಂತಿಲ್ಲ. 'ಕೇಸಿಗೆ ಖರ್ಚು ಮಾಡಿದ್ದೇವೆ' ಎಂದು ಹೇಳಿ ಯಾರಾದರೂ ಅಣ್ಣನ ಕೈಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರೆ, ವಕೀಲರಿಗೆ ತೋರಿಸದೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತಬೇಡಿ. ಜೈಲಿನಿಂದ ಬಂದವನಿಗೆ ತಲೆತಗ್ಗಿಸಿ ನಡೆಯುವ ಅಭ್ಯಾಸವಾಗಿರುತ್ತದೆ. ಆ ಸಂಕೋಚದಲ್ಲೇ ಎಷ್ಟೋ ಜನ ಪಾಲು ಬರೆದುಕೊಟ್ಟಿದ್ದಾರೆ.

ಪಾಸ್‌ಪೋರ್ಟಿಗೆ 1967ರ ಕಾಯ್ದೆಯ ಲೆಕ್ಕ ಬೇರೆ. ಅರ್ಜಿ ಹಾಕುವ ದಿನದಿಂದ ಹಿಂದಿನ ಐದು ವರ್ಷದೊಳಗೆ, ನೈತಿಕ ಅಧಃಪತನದ (ನಡತೆಯೇ ಕೆಟ್ಟದ್ದು ಎಂದು ತೋರಿಸುವಂಥ) ಅಪರಾಧಕ್ಕೆ, ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾಗಿದ್ದರೆ ನಿರಾಕರಿಸಬಹುದು. ಐದು ವರ್ಷ ಎಣಿಸುವುದು ಶಿಕ್ಷೆಯಾದ ದಿನದಿಂದ, ಬಿಡುಗಡೆಯ ದಿನದಿಂದಲ್ಲ. ನಿಮ್ಮ ಅಣ್ಣನಿಗೆ ಅದು 2023ರ ನವೆಂಬರಿಗೇ ಮುಗಿದಿದೆ. ಬೇರೆ ಯಾವ ಕ್ರಿಮಿನಲ್ ಕೇಸೂ ಬಾಕಿ ಇಲ್ಲದಿದ್ದರೆ ಈ ಕಾರಣಕ್ಕೆ ತಡೆಯಲು ಬರುವುದಿಲ್ಲ. ಬಾಕಿ ಕೇಸಿದ್ದರೆ ಮಾತ್ರ ಕಷ್ಟ, ಆಗ ಕೋರ್ಟಿನ ಅನುಮತಿ ಬೇಕು. ಅರ್ಜಿಯಲ್ಲಿ ಶಿಕ್ಷೆಯ ಬಗ್ಗೆ ಕೇಳಿದ ಕಡೆ ಇದ್ದದ್ದನ್ನು ಇದ್ದಂತೆ ಬರೆಯಿರಿ. ಮುಚ್ಚಿಟ್ಟರೆ ಅದೇ ಹೊಸ ಅಪರಾಧ. ಪಾಸ್‌ಪೋರ್ಟ್ ಸಿಕ್ಕ ಮೇಲೂ, ಹೊರದೇಶದಲ್ಲಿ ಕೆಲಸ ಕೊಡುವವರು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದರೆ ಹಳೆಯ ಕೇಸು ಅಲ್ಲಿ ಎದುರಾಗುತ್ತದೆ. ಏಜೆಂಟರಿಗೆ ಮುಂಗಡ ಕೊಡುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ. ಹಣ ಹೋದ ಮೇಲೆ ನನಗೆ ಬರೆಯುವವರೇ ಹೆಚ್ಚು.

ನೀವು ಕೇಳಿಲ್ಲ, ಆದರೂ ಹೇಳಬೇಕು: ವಿಧಾನಸಭೆಗೋ ಲೋಕಸಭೆಗೋ ಸ್ಪರ್ಧಿಸಲು ಮಾತ್ರ ಅಣ್ಣನಿಗೆ ತಡೆಯಿದೆ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು ಶಿಕ್ಷೆಯ ಅವಧಿಯಲ್ಲೂ ಬಿಡುಗಡೆಯಾದ ಮೇಲೆ ಆರು ವರ್ಷವೂ ಅನರ್ಹರು. ಇವನ ಲೆಕ್ಕದಲ್ಲಿ 2028ರ ಜನವರಿಯವರೆಗೆ. ಮಾಫಿ ಸಿಕ್ಕು ಮೂರು ವರ್ಷ ಚಿಲ್ಲರೆಯಲ್ಲೇ ಹೊರಬಂದರೂ ಕೋರ್ಟ್ ಕೊಟ್ಟ ಶಿಕ್ಷೆ ನಾಲ್ಕು ವರ್ಷದ್ದೇ. ಸರ್ಕಾರದ ಮಾಫಿ ತೀರ್ಪನ್ನು ಬದಲಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1960ರ ದಶಕದ ಆರಂಭದಲ್ಲೇ, ಶರತ್‌ಚಂದ್ರ ರಾಭಾ ಪ್ರಕರಣದಲ್ಲಿ ಹೇಳಿದೆ.

ಇನ್ನು ನಿಮ್ಮ ಮನೆಯಲ್ಲಿ ಎರಡು ಮಾತಾಗಿರುವ ಪ್ರಶ್ನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಶಿಕ್ಷೆಯ ಜೊತೆ ಬರುವ ಪ್ರತಿ ನಿರ್ಬಂಧಕ್ಕೂ, ಮಾಡಿದ ತಪ್ಪಿಗೂ ಸಂಬಂಧ ಇರಬೇಕು. ಮತ್ತು ಅದಕ್ಕೊಂದು ಕೊನೆಯ ದಿನಾಂಕ ಇರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಅದು ಕೋರ್ಟ್ ಕೊಡದ ಹೆಚ್ಚುವರಿ ಶಿಕ್ಷೆ.

ಈ ಮಾತಿಗೆ ಎದುರಾಗಿ ನಿಲ್ಲುವ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗಾಯಗೊಂಡವರು ಅದೇ ಊರಿನಲ್ಲಿದ್ದಾರೆ. ಅವರ ಕೈ ಮೊದಲಿನಂತೆ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಓಟಿನ ದಿನ ಅದೇ ಶಾಲೆಯ ಅಂಗಳದಲ್ಲಿ ಅದೇ ಸಾಲಿನಲ್ಲಿ ಇವನೂ ಬಂದು ನಿಂತರೆ ಅವರ ಮನೆಯವರಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ ಇವನ ಓಟು ಕಿತ್ತುಕೊಂಡರೆ ಅವರಿಗೆ ಸಿಗುವುದೇನು? ಅವರಿಗೆ ಬೇಕಾದದ್ದು ಪರಿಹಾರ, ಚಿಕಿತ್ಸೆ, ಇನ್ನೊಮ್ಮೆ ಹೀಗಾಗದು ಎಂಬ ಭರವಸೆ. ಸಂತ್ರಸ್ತರ ಪರಿಹಾರಕ್ಕೆ ಕಾನೂನಿನಲ್ಲಿ ಯೋಜನೆ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಅರ್ಜಿ ಹಾಕಬೇಕು. ಆ ಬಾಗಿಲು ತಟ್ಟಿದವರು ತೀರಾ ಕಡಿಮೆ. ಅಪರಾಧಿಯಿಂದ ಏನು ಕಸಿಯಬೇಕು ಎಂದು ಯೋಚಿಸುವುದರಲ್ಲಿ ನಾವು ಕಳೆಯುವ ಹೊತ್ತನ್ನು ನೊಂದವರಿಗೆ ಏನು ಕೊಡಬೇಕು ಎಂಬುದಕ್ಕೆ ಕಳೆದಿದ್ದರೆ ಇಷ್ಟು ಹೊತ್ತಿಗೆ ಎಷ್ಟೋ ಮನೆಗಳು ಚೇತರಿಸಿಕೊಳ್ಳುತ್ತಿದ್ದವು.

ಊರಿನಲ್ಲಿ ಬದುಕಬೇಕಾದವನಿಗೆ ಊರಿನ ವಿಷಯದಲ್ಲಿ ಮಾತೂ ಇರಬೇಕು. ರಸ್ತೆ, ನೀರು, ಪಡಿತರ, ಮಕ್ಕಳ ಶಾಲೆ ಎಲ್ಲವೂ ಅವನಿಗೂ ಸಂಬಂಧಪಟ್ಟವು. ತೆರಿಗೆ ಅವನೂ ಕಟ್ಟುತ್ತಾನೆ. 'ನೀನು ನಮ್ಮವನಲ್ಲ' ಎಂದು ಸಾಯುವತನಕ ಹೇಳಿಸಿಕೊಂಡವನು ಯಾಕೆ ನಮ್ಮ ಕಟ್ಟುಪಾಡಿಗೆ ಬಗ್ಗಿ ನಡೆಯಬೇಕು?

ಅಮೆರಿಕದ ಸುದ್ದಿ ಓದಿ ಇಲ್ಲಿಯೂ ಹಾಗೇ ಎಂದುಕೊಂಡವರು ಬಹಳ ಜನ, ನಿಮ್ಮೂರಿನ ಮಾತೂ ಅಲ್ಲಿಂದಲೇ ಬಂದಿರಬಹುದು. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಮೇನ್ ಮತ್ತು ವರ್ಮಾಂಟಿನಲ್ಲಿ ಜೈಲಿನಲ್ಲಿದ್ದೂ ಓಟು ಹಾಕಬಹುದು. ಫ್ಲಾರಿಡಾದಲ್ಲಿ ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರಿಗೆ ಜೀವಮಾನವಿಡೀ ಓಟಿರಲಿಲ್ಲ. 2018ರ ನವೆಂಬರಿನಲ್ಲಿ ಅಲ್ಲಿನ ಮತದಾರರೇ, ನೂರಕ್ಕೆ ಸುಮಾರು 65 ಜನ, ಕೊಲೆ ಮತ್ತು ಲೈಂಗಿಕ ಅಪರಾಧಗಳನ್ನು ಬಿಟ್ಟು ಉಳಿದವರಿಗೆ ಶಿಕ್ಷೆ ಮುಗಿದ ಮೇಲೆ ಹಕ್ಕು ಮರಳಿಸಲು ಒಪ್ಪಿದರು. ಮರುವರ್ಷವೇ ಅಲ್ಲಿನ ಶಾಸನಸಭೆ 'ದಂಡ, ಕೋರ್ಟ್ ಶುಲ್ಕ ಎಲ್ಲ ಕಟ್ಟಿರಬೇಕು' ಎಂದು ಷರತ್ತು ಹಾಕಿತು. ಬಡವರ ಹಕ್ಕು ಮತ್ತೆ ಸಿಕ್ಕಿಹಾಕಿಕೊಂಡಿತು. ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ 1999ರಲ್ಲೂ, ಕೆನಡಾದ ಸುಪ್ರೀಂ ಕೋರ್ಟ್ 2002ರಲ್ಲೂ ಕೈದಿಗಳ ಮತದಾನದ ಪರವಾಗಿಯೇ ತೀರ್ಪು ಕೊಟ್ಟಿವೆ.

ಬಿಡುಗಡೆಯಾದವರ ಮಟ್ಟಿಗೆ ನಮ್ಮ ಕಾನೂನು ಫ್ಲಾರಿಡಾದ ಹಳೆಯ ಕಾನೂನಿಗಿಂತ ಎಷ್ಟೋ ಉದಾರ. ಒಳಗಿರುವವರ ಮಟ್ಟಿಗೆ ತೀರಾ ಕಠಿಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನರಿದ್ದರು, ಅವರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ನೂರಕ್ಕೆ 75ಕ್ಕೂ ಹೆಚ್ಚು ಜನ ಅಪರಾಧಿ ಎಂದು ತೀರ್ಪಾಗದೆಯೇ ಓಟು ಕಳೆದುಕೊಂಡಂತಾಯಿತು. ಮುಂಜಾಗ್ರತಾ ಬಂಧನದಲ್ಲಿರುವವರು ಅಂಚೆ ಮತ ಹಾಕಬಹುದು, ಇವರು ಹಾಕುವಂತಿಲ್ಲ. ಇನ್ನೂ ವಿಚಿತ್ರವೆಂದರೆ ಇವರು ಚುನಾವಣೆಗೆ ನಿಲ್ಲಬಹುದು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಲೋಕಸಭೆಗೆ ಗೆದ್ದರು. ಲಕ್ಷಾಂತರ ಜನರ ಓಟು ಪಡೆಯಬಲ್ಲ ವಿಚಾರಣಾಧೀನ ಕೈದಿಗೆ ತನ್ನ ಒಂದು ಓಟು ಹಾಕುವ ಹಕ್ಕಿಲ್ಲ. 1997ರ ಅನುಕೂಲ್ ಚಂದ್ರ ಪ್ರಧಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ 62(5)ನೇ ಕಲಂ ಅನ್ನು ಎತ್ತಿಹಿಡಿಯಿತು. ಪೊಲೀಸ್ ಬಂದೋಬಸ್ತಿನ ಹೊರೆ, ಅಪರಾಧ ಹಿನ್ನೆಲೆಯವರನ್ನು ಚುನಾವಣೆಯಿಂದ ದೂರ ಇಡುವುದು, ಇವು ಅಲ್ಲಿ ಕೊಟ್ಟ ಕಾರಣಗಳು. ತೀರ್ಪಿಗೆ ತಲೆಬಾಗುತ್ತೇನೆ, ಕಾರಣ ಒಪ್ಪಲಾರೆ. ಅಂಚೆ ಮತಕ್ಕೆ ಬಂದೋಬಸ್ತು ಬೇಡ. ತೀರ್ಪೇ ಆಗದವರನ್ನು ಅಪರಾಧಿ ಎನ್ನುವಂತೆಯೂ ಇಲ್ಲ.

ಸ್ಪರ್ಧೆಗೆ ಇರುವ ಆರು ವರ್ಷದ ತಡೆಯನ್ನು ನಾನು ಒಪ್ಪುತ್ತೇನೆ. ಓಟು ಹಾಕುವುದು ತನ್ನ ಮಾತು ಹೇಳುವುದು. ಶಾಸಕನಾಗುವುದು ಬೇರೆಯವರ ಮೇಲೆ ಅಧಿಕಾರ ಪಡೆಯುವುದು. ಅಧಿಕಾರ ಕೇಳುವವನನ್ನು ಕೆಲಕಾಲ ಕಾಯಿಸುವುದರಲ್ಲಿ ತಪ್ಪಿಲ್ಲ. ಆಜೀವ ನಿಷೇಧ ಬೇಕೆಂಬ ಬೇಡಿಕೆ ಸುಪ್ರೀಂ ಕೋರ್ಟಿನ ಮುಂದಿದೆ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಈಗಿರುವ ನಿಯಮವೂ ಎಲ್ಲರಿಗೂ ಒಂದೇ ಸಮ ನಡೆಯುತ್ತಿಲ್ಲ. ಕೋಲಾರದ ಭಾಷಣದ ಕೇಸಿನಲ್ಲಿ ರಾಹುಲ್ ಗಾಂಧಿಯವರಿಗೆ 2023ರ ಮಾರ್ಚಿನಲ್ಲಿ ಸರಿಯಾಗಿ ಎರಡು ವರ್ಷ ಶಿಕ್ಷೆಯಾಗಿ ಸದಸ್ಯತ್ವ ಹೋಯಿತು. ಒಂದು ದಿನ ಕಡಿಮೆಯಾಗಿದ್ದರೂ ಅನರ್ಹತೆ ಬರುತ್ತಿರಲಿಲ್ಲ ಎಂಬುದನ್ನು ಸುಪ್ರೀಂ ಕೋರ್ಟೇ ಗುರುತಿಸಿ ಆಗಸ್ಟಿನಲ್ಲಿ ತಡೆ ಕೊಟ್ಟಿತು. ಗಂಗಾವತಿಯ ಜನಾರ್ದನ ರೆಡ್ಡಿಯವರಿಗೆ 2025ರ ಮೇ ತಿಂಗಳಲ್ಲಿ ಓಬಳಾಪುರಂ ಗಣಿ ಕೇಸಿನಲ್ಲಿ ಏಳು ವರ್ಷ ಶಿಕ್ಷೆಯಾಗಿ ಶಾಸಕತ್ವ ಹೋಯಿತು, ಜೂನಿನಲ್ಲಿ ತೆಲಂಗಾಣ ಹೈಕೋರ್ಟಿನ ಆದೇಶದಿಂದ ಮರಳಿತು. ಆ ಕೇಸುಗಳ ಸರಿತಪ್ಪು ಇಲ್ಲಿ ನನ್ನ ವಿಷಯವಲ್ಲ. ದೊಡ್ಡ ವಕೀಲರನ್ನು ಇಡಬಲ್ಲವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಮರಳುವ ಹಕ್ಕು, ನಿಮ್ಮ ಅಣ್ಣನಂಥವರಿಗೆ ಹೋಗದೇ ಇದ್ದರೂ ನಾಲ್ಕೈದು ವರ್ಷ ಕೈಗೆ ಸಿಗುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಓಟೂ ಅಲ್ಲ, ಸ್ಪರ್ಧೆಯೂ ಅಲ್ಲ. ದುಡಿದು ತಿನ್ನುವ ಹಕ್ಕು. ಹರಿಯಾಣದ ಪವನ್ ಕುಮಾರ್ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ 1996ರಲ್ಲಿ ತೀರ್ಮಾನವಾಯಿತು. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲವಾಗಿ ನಡೆದುಕೊಂಡ ಸಣ್ಣ ಕೇಸಿನಲ್ಲಿ ಅವರಿಗೆ ಬಿದ್ದ ದಂಡ 20 ರೂಪಾಯಿ. ಅದೇ ಕಾರಣಕ್ಕೆ ಸರ್ಕಾರಿ ನೌಕರಿ ಹೋಯಿತು. ಆ ಕಲಂ ತನ್ನಷ್ಟಕ್ಕೇ ನೈತಿಕ ಅಧಃಪತನ ಆಗುವುದಿಲ್ಲ ಎಂದ ಕೋರ್ಟ್, ಇಂಥ ಸಣ್ಣ ದಂಡದ ಶಿಕ್ಷೆಗಳು ನೌಕರಿಗೆ ಅಡ್ಡಿಯಾಗದಂತೆ ಕಾನೂನು ಮಾಡಿ ಎಂದು ಸಂಸತ್ತಿಗೇ ಹೇಳಿತು. ಅಂಥ ಸಾರ್ವತ್ರಿಕ ಕಾನೂನು ಇವತ್ತಿಗೂ ಬಂದಿಲ್ಲ.

ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಇದರ ಇನ್ನೊಂದು ರೂಪ ನೋಡಬಹುದು. ಹಬ್ಬದ ದಿನ ದೇವಸ್ಥಾನದ ಹಿಂದೆ ಅಂದರ್ ಬಾಹರ್ ಆಡುತ್ತಾ ಸಿಕ್ಕಿಬಿದ್ದ ಹುಡುಗರನ್ನು ಪೊಲೀಸ್ ಕಾಯ್ದೆಯ ಕೇಸಿನಲ್ಲಿ ಕೋರ್ಟಿಗೆ ತರುತ್ತಾರೆ. 'ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಹೋಗೋ, ಯಾಕೆ ಸುಮ್ಮನೆ ಓಡಾಡ್ತೀಯ' ಎಂದು ಸುತ್ತಲಿದ್ದವರೆಲ್ಲ ಹೇಳುತ್ತಾರೆ. ಹುಡುಗ ದಂಡ ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಾನೆ. ಅವನ ಹೆಸರಿನ ಮುಂದೆ 'ಶಿಕ್ಷೆಯಾಗಿದೆ' ಎಂದು ದಾಖಲಾಗಿದೆ ಎಂಬುದು ಗೊತ್ತಾಗುವುದು, ಕಾನ್‌ಸ್ಟೆಬಲ್ ಪರೀಕ್ಷೆ ಪಾಸಾಗಿ ಪೊಲೀಸ್ ವೆರಿಫಿಕೇಷನ್ ಬಂದಾಗ. ಹೆದರಿ ಫಾರಂನಲ್ಲಿ 'ಇಲ್ಲ' ಎಂದು ಬರೆದಿದ್ದರೆ ಇನ್ನೂ ಕೆಟ್ಟಿತು. ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪು ಇಂಥ ಕ್ಷುಲ್ಲಕ ವಿಷಯ ಮುಚ್ಚಿಟ್ಟದ್ದನ್ನು ಮನ್ನಿಸಬಹುದು ಎನ್ನುತ್ತದೆ, ಆದರೆ ಅದು ಅಧಿಕಾರಿಯ ವಿವೇಚನೆ. ಮನ್ನಿಸಲಿ ಎಂದು ಕೋರ್ಟಿಗೆ ಹೋದರೆ ವಯಸ್ಸಿನ ಮಿತಿ ದಾಟಿಹೋಗುತ್ತದೆ.

ಬ್ರಿಟನ್ನಿನಲ್ಲಿ 1974ರಿಂದ ಒಂದು ಕಾಯ್ದೆ ಇದೆ. ಇಂತಿಷ್ಟು ವರ್ಷ ಮತ್ತೆ ತಪ್ಪು ಮಾಡದೆ ಬದುಕಿದವನ ಹಳೆಯ ಶಿಕ್ಷೆ ಸವೆದುಹೋಯಿತು ಎಂದು ಲೆಕ್ಕ. ಹೆಚ್ಚಿನ ಕೆಲಸಗಳಿಗೆ ಅರ್ಜಿ ಹಾಕುವಾಗ ಅದನ್ನು ಹೇಳಬೇಕಾಗಿಲ್ಲ. ಮಕ್ಕಳ ನಡುವಿನ ಕೆಲಸ ಮುಂತಾದವಕ್ಕೆ ವಿನಾಯಿತಿ ಇದೆ, ಇರಲೇಬೇಕು. ಮಕ್ಕಳ ಮೇಲೆ ದೌರ್ಜನ್ಯ ಮಾಡಿದವನಿಗೆ ಶಾಲಾ ವಾಹನ ಕೊಡಬೇಡಿ ಎಂದರೆ ಅದು ತಪ್ಪಿಗೂ ನಿರ್ಬಂಧಕ್ಕೂ ಸಂಬಂಧ ಇರುವ ಮಾತು. ಬದುವಿನ ಜಗಳದವನಿಗೆ ಲಾರಿ ಕೊಡಬೇಡಿ ಎಂದರೆ ಏನು ಸಂಬಂಧ?

ನಮ್ಮಲ್ಲಿ ಇದರ ಬೀಜ ಇಲ್ಲದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗುವಿಗೆ ಆ ಕಾರಣದಿಂದ ಮುಂದೆ ಯಾವ ಅನರ್ಹತೆಯೂ ತಟ್ಟದು. ದೊಡ್ಡವರಂತೆ ವಿಚಾರಣೆಗೆ ಗುರಿಯಾದ 16 ದಾಟಿದವರಿಗೆ ಮಾತ್ರ ಇದು ಅನ್ವಯಿಸದು. 1958ರ ಪರಿವೀಕ್ಷಣಾ ಕಾಯ್ದೆ, ಅಂದರೆ ಪ್ರೊಬೇಷನ್ ಕಾಯ್ದೆಯಲ್ಲಿ, ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟವರಿಗೂ 12ನೇ ಕಲಂ ಅನರ್ಹತೆಯಿಂದ ರಕ್ಷಣೆ ಕೊಡುತ್ತದೆ. ಮೊದಲ ಸಲ ತಪ್ಪು ಮಾಡಿದವರ ಪರ ವಾದಿಸುವ ನನ್ನ ವಕೀಲ ಮಿತ್ರರಲ್ಲಿ ಕೈಮುಗಿದು ಕೇಳುವುದು ಇದು: ಶಿಕ್ಷೆಯ ಪ್ರಮಾಣದ ಮೇಲೆ ವಾದ ಮಾಡುವಾಗ ಈ ಕಾಯ್ದೆಯ ಹೆಸರೆತ್ತಿ. ದಂಡದ ಮೊತ್ತ ಕಡಿಮೆ ಮಾಡಿಸಿದ್ದಕ್ಕಿಂತ ದೊಡ್ಡ ಉಪಕಾರ ಅದು. ಜೀವಾವಧಿಯವರೆಗೆ ಶಿಕ್ಷೆ ಇರುವ 326ರಂಥ ಕಲಂಗೆ ಮುಚ್ಚಳಿಕೆಯ ದಾರಿ ಇಲ್ಲ, ನಿಮ್ಮ ಅಣ್ಣನ ಕೇಸಿನಲ್ಲಿ ಅದು ಸಿಗುತ್ತಿರಲಿಲ್ಲ.

ಸದ್ಯಕ್ಕೆ ನೀವು ಮಾಡಬಹುದಾದದ್ದು: ತೀರ್ಪಿನ ದೃಢೀಕೃತ ನಕಲು, ಅಪೀಲಿನ ಆದೇಶ, ಜೈಲಿನ ಬಿಡುಗಡೆ ಪತ್ರ, ದಂಡ ಕಟ್ಟಿದ ರಸೀದಿ, ಈ ನಾಲ್ಕನ್ನು ಒಂದೇ ಕಡೆ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ವಿಚಾರಣೆಗೆ ಪೊಲೀಸರು ಬಂದಾಗ ನೀವಾಗಿಯೇ ತೋರಿಸಿ. ನಮೂನೆ 6 ಈ ವಾರವೇ ಕೊಡಿ, ಚುನಾವಣೆ ಘೋಷಣೆಯಾಗುವತನಕ ಕಾಯಬೇಡಿ. ಖಾತೆಯ ತಕರಾರಿಗೆ ವಕೀಲರ ಶುಲ್ಕ ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ; ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ, ಆದ್ದರಿಂದ ಅರ್ಜಿ ನಿಮ್ಮ ಹೆಸರಿನಲ್ಲೇ ಇರಲಿ. ಸಹಾಯವಾಣಿ 15100.